ಹುಟ್ಟಿದ ದಿಬ್ಬ ಬಿಟ್ಟು ಮೀನು ಹೋಗುವುದೆಲ್ಲಿಗೆ?

ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮೈಸೂರಿನಿಂದ ಹೋಗಿ ನೋಡಿ ಬಂದವರು ನಿಮ್ಮಲ್ಲೂ ಇರಬಹುದು. ಕೆಲವು ಹಕ್ಕಿಗಳ ಕೊರಳಲ್ಲಿ ಮಂಗೋಲಿಯದಲ್ಲಿ ತೊಡಿಸಿದ ಪಟ್ಟಿ ಕಂಡಿದೆ. ದುರ್ಬೀನಿನಲ್ಲಿ ಅದರ ಗುರುತು ಓದಿದರೆ ಹಕ್ಕಿ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಹವಳದ ದಿಬ್ಬದ ಮೀನಿಗೆ ಇಂಥ ಗುರುತು ಹಾಕುವುದು ಹೇಗೆ? ಮೊಟ್ಟೆಯೊಡೆದಾಗ ಮರಿ ಕೆಲವೇ ಮಿಲಿಮೀಟರ್ ಉದ್ದ. ದಿನಗಟ್ಟಲೆ, ಕೆಲವು ಜಾತಿಗಳಲ್ಲಿ ವಾರಗಟ್ಟಲೆ, ತೆರೆದ ಕಡಲಿನಲ್ಲಿದ್ದು ಆಮೇಲೆ ಯಾವುದೋ ದಿಬ್ಬದಲ್ಲಿ ನೆಲೆ ನಿಲ್ಲುತ್ತದೆ. ನೀರು ಒಯ್ದತ್ತ ಹೋಗಿ ಎಲ್ಲೆಲ್ಲೋ ಚದುರುತ್ತದೆ ಎಂದೇ ಬಹುಕಾಲ ತಿಳಿದಿದ್ದರು.

1999ರಲ್ಲಿ ಆ ತಿಳಿವಳಿಕೆ ಅಲುಗಾಡಿತು. ಆಸ್ಟ್ರೇಲಿಯದ ಲಿಜರ್ಡ್ ದ್ವೀಪದಲ್ಲಿ ವಿಜ್ಞಾನಿ ಜೆಫ್ರಿ ಜೋನ್ಸ್ ಮತ್ತು ಸಂಗಡಿಗರು ಡ್ಯಾಮ್ಸೆಲ್ ಮೀನಿನ ಒಂದು ಕೋಟಿಗೂ ಹೆಚ್ಚು ಭ್ರೂಣಗಳಿಗೆ ಟೆಟ್ರಾಸೈಕ್ಲಿನ್ ಎಂಬ ಔಷಧಿ ಸೋಕಿಸಿದ್ದರು. ಮೀನಿನ ಕಿವಿಯೊಳಗೆ ಪುಟ್ಟ ಸುಣ್ಣದ ಕಲ್ಲುಗಳಿವೆ. ಮರದ ಕಾಂಡದ ಬಳೆಗಳಂತೆ ಅವು ಪದರ ಪದರವಾಗಿ ಬೆಳೆಯುತ್ತವೆ. ಔಷಧಿ ಆ ಕಲ್ಲುಗಳಲ್ಲಿ ಸೇರಿ, ಅತಿನೇರಳೆ ಬೆಳಕಿನಲ್ಲಿ ಹೊಳೆಯುತ್ತದೆ. ಮುಂದೆ 5,000 ಮರಿಗಳನ್ನು ಹಿಡಿದು ನೋಡಿದಾಗ ಗುರುತು ಸಿಕ್ಕಿದ್ದು ಬರೀ 15ರಲ್ಲಿ. ಇಷ್ಟೇನಾ ಅನ್ನಿಸುತ್ತದೆ. ಆದರೆ ಅವರು ಗುರುತು ಹಾಕಿದ್ದೇ ದ್ವೀಪದ ಒಟ್ಟು ಭ್ರೂಣಗಳಲ್ಲಿ ನೂರಕ್ಕೆ ಎರಡನ್ನೂ ಮೀರದ ಭಾಗಕ್ಕೆ. ಹಾಗಾಗಿ ಆ ಹದಿನೈದು ಹೇಳಿದ್ದು ದೊಡ್ಡ ಮಾತು: ನೆಲೆ ನಿಂತ ಮರಿಗಳಲ್ಲಿ ಶೇ. 15ರಿಂದ 60ರಷ್ಟು ಅದೇ ದ್ವೀಪದಲ್ಲಿ ಹುಟ್ಟಿದವಿರಬಹುದು. ಈ ಲೆಕ್ಕದ ತಾಳ್ಮೆಗೆ ನಾನು ಮನಸೋತಿದ್ದೇನೆ.

ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ ತಾಯಿ ಮೀನಿಗೇ ಬೇರಿಯಂ ಚುಚ್ಚಿ ನಡೆಸಿದ ಅಧ್ಯಯನ 2007ರಲ್ಲಿ ಹೊರಬಂತು. ಗುರುತು ಮೊಟ್ಟೆಗೆ ಇಳಿಯಿತು. ಅಲ್ಲಿನ ಪುಟ್ಟ ದಿಬ್ಬದಲ್ಲಿ ನೆಲೆ ನಿಂತ ಕ್ಲೌನ್ ಮೀನಿನ ಮರಿಗಳಲ್ಲಿ ಸುಮಾರು ಶೇ. 60 ಅಲ್ಲೇ ಹುಟ್ಟಿ ಮರಳಿದ್ದವು. ದಾರಿ ತಿಳಿಯುವುದರಲ್ಲಿ ಸದ್ದಿನ ಪಾತ್ರವೂ ಇದೆ, ರೇಡಿಯೋ ಕೇಳುವವರಿಗೆ ಇದನ್ನು ಹೇಳಲೇಬೇಕು: ದಿಬ್ಬದ ಸದ್ದನ್ನು ನೀರೊಳಗೆ ಸ್ಪೀಕರಿನಲ್ಲಿ ನುಡಿಸಿದ ಕಡೆ ಹೆಚ್ಚು ಮರಿಗಳು ಬಂದು ಸೇರಿದವು.

ಆಮೇಲೆ ಡಿಎನ್ಎ ಬಂತು. ಮರಿಯ ಡಿಎನ್ಎಯನ್ನು ತಂದೆತಾಯಿಯದರೊಂದಿಗೇ ಹೊಂದಿಸಿ ನೋಡುವ ಕ್ರಮ ಅದು. ಆಸ್ಟ್ರೇಲಿಯದ ಕೆಪೆಲ್ ದ್ವೀಪಗಳಲ್ಲಿ ಮೀನುಗಾರಿಕೆ ನಿಷೇಧಿಸಿದ ಜಾಗ ದಿಬ್ಬಗಳ ಶೇ. 28 ಮಾತ್ರ, ಆದರೂ ಸುತ್ತಲಿನ ಮರಿಗಳಲ್ಲಿ ಸುಮಾರು ಅರ್ಧ ಅಲ್ಲಿಂದಲೇ ಬಂದಿದ್ದವೆಂದು 2012ರಲ್ಲಿ ಗೊತ್ತಾಯಿತು. ಅಂದರೆ ಹೊರಗೆ ಮೀನು ಹಿಡಿಯುವವರಿಗೂ ಪಾಲು ಸಿಕ್ಕಿತ್ತು.

ನಮಗೂ ಮುರುಡೇಶ್ವರದಾಚೆ ನೇತ್ರಾಣಿ ಇದೆ, ಅಲ್ಲಿ ಹವಳವಿದೆ. ಅದನ್ನು ಕಾಪಾಡುವ ಮಾತಾಡುವಾಗ ಅಲ್ಲಿನ ಮರಿಗಳು ಯಾವ ತೀರ ಸೇರುತ್ತವೆಂಬ ಲೆಕ್ಕ ಕೈಯಲ್ಲಿರಬೇಕು. ಆ ಲೆಕ್ಕ ಭಟ್ಕಳ, ಮುರುಡೇಶ್ವರದ ಮೀನುಗಾರರನ್ನು ಜೊತೆಗಿಟ್ಟುಕೊಂಡೇ ಆಗಬೇಕು.