ಗುಡ್ಡದ ನಕ್ಷೆಯಲ್ಲಿ ಮನುಷ್ಯರೆಲ್ಲಿ?

(ಭಾಷಣದ ಲಿಖಿತ ರೂಪ)



2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡು ಜಿಲ್ಲೆಯ ಪುಂಜಿರಿಮಟ್ಟಂ, ಮುಂಡಕ್ಕೈ ಮತ್ತು ಚೂರಲ್‌ಮಲ ಮಣ್ಣುಪಾಲಾದವು. 250ಕ್ಕೂ ಹೆಚ್ಚು ಮಂದಿ ಬಲಿಯಾದರು. ಅನೇಕರ ಮೃತದೇಹಗಳು ಚಾಲಿಯಾರ್ ನದಿಯಲ್ಲಿ ಕೊಚ್ಚಿಹೋಗಿ ನೆರೆಯ ಮಲಪ್ಪುರಂ ಜಿಲ್ಲೆಯ ನಿಲಂಬೂರು ಭಾಗದಲ್ಲಿ ದೊರೆತವು. ಮುನ್ನೆಚ್ಚರಿಕೆ ನೀಡಿದ್ದೆವು ಎಂದು ಕೇಂದ್ರ, ಅಂಥದ್ದು ಬರಲೇ ಇಲ್ಲ ಎಂದು ರಾಜ್ಯ. ಹೆಣಗಳನ್ನು ಇನ್ನೂ ಹುಡುಕುತ್ತಿದ್ದಾಗಲೇ ಈ ವಾಗ್ವಾದ ನಡೆಯಿತು. ಒಂದು ಗ್ರಾಮೀಣ ಜಿಲ್ಲೆಯ ಅಪಾಯವನ್ನು ಅಳೆಯುವುದು ಹೇಗೆಂಬ ಪ್ರಶ್ನೆ ಅದರಲ್ಲಿ ಮರೆಯಾಯಿತು.

ಆ ಬೆಟ್ಟ ಸೂಚನೆ ಕೊಡದೆ ಕುಸಿದದ್ದಲ್ಲ. 1984ರಲ್ಲಿಯೇ ಮುಂಡಕ್ಕೈ ಪರಿಸರದಲ್ಲಿ ಭೂಕುಸಿತವಾಗಿ ಜೀವಹಾನಿ ಸಂಭವಿಸಿತ್ತು. 2019ರ ಆಗಸ್ಟ್ 8ರಂದು ಕೆಲವೇ ಕಿಲೋಮೀಟರ್ ದೂರದ ಪುತ್ತುಮಲದಲ್ಲಿ 17 ಮಂದಿಯನ್ನು ಮಣ್ಣು ನುಂಗಿತು. 2024ರಲ್ಲಿ ಕುಸಿದ ಸ್ಥಳದಲ್ಲಿಯೇ ಹಿಂದೆಯೂ ಮಣ್ಣು ಜಾರಿದ್ದ ಗುರುತನ್ನು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹ ಚಿತ್ರಗಳಲ್ಲಿ ಕಂಡಿತು.

ನಮ್ಮ ಭೂಕುಸಿತ ನಕ್ಷೆಗಳು ಸಾಮಾನ್ಯವಾಗಿ ಯಾವ ಇಳಿಜಾರು ಕುಸಿದೀತು ಎಂಬುದನ್ನು ಬಣ್ಣ ಹಚ್ಚಿ ತೋರಿಸುತ್ತವೆ. ಕುಸಿದ ಮಣ್ಣು, ಬಂಡೆ, ಮರಗಳು ಎಲ್ಲಿಯವರೆಗೆ ಹರಿದುಬರುತ್ತವೆ ಎಂಬುದು ಬೇರೆಯದೇ ಲೆಕ್ಕ. ಇಲ್ಲಿ ಸುಮಾರು 1,550 ಮೀಟರ್ ಎತ್ತರದಲ್ಲಿ ಬಿರಿದ ಗುಡ್ಡದ ಅವಶೇಷಗಳು ಹೊಳೆಯ ದಾರಿಯನ್ನೇ ಹಿಡಿದು ಸುಮಾರು 8 ಕಿಲೋಮೀಟರ್ ಸಾಗಿದವು. ಗುಡ್ಡದಿಂದ ದೂರದಲ್ಲಿದ್ದೇವೆಂದು ನಿಶ್ಚಿಂತರಾಗಿ ಮಲಗಿದ್ದ ಚೂರಲ್‌ಮಲದವರ ಬಾಗಿಲಿಗೆ ಗುಡ್ಡವೇ ಬಂತು.

ಮಳೆಯ ವಿಷಯವೂ ಹಾಗೆಯೇ. ಹವಾಮಾನ ಇಲಾಖೆಯ ಎಚ್ಚರಿಕೆ ಇಡೀ ಜಿಲ್ಲೆಗೆ ಒಂದೇ ಬಣ್ಣದಲ್ಲಿ ಬರುತ್ತದೆ. ಆದರೆ ಲಕ್ಕಿಡಿಯಲ್ಲಿ ಮಳೆ ಧೋ ಎಂದು ಸುರಿಯುವಾಗ ಅದೇ ಜಿಲ್ಲೆಯ ಪೂರ್ವದಂಚಿನ ಪುಲ್ಪಳ್ಳಿಯಲ್ಲಿ ರೈತರು ಮೋಡ ನೋಡುತ್ತ ಕುಳಿತಿರುವುದುಂಟು. ಈ ವ್ಯತ್ಯಾಸವನ್ನು ಅರಿತು ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆಯು ಜಿಲ್ಲೆಯಾದ್ಯಂತ ಸುಮಾರು 200 ಕಡೆ ಮಳೆ ಅಳೆಯುವ ವ್ಯವಸ್ಥೆ ಮಾಡಿದೆ. ದುರಂತಕ್ಕೆ ಮುಂಚಿನ 48 ಗಂಟೆಗಳಲ್ಲಿ ಪುತ್ತುಮಲದಲ್ಲಿ ಅದು 572 ಮಿಲಿಮೀಟರ್ ಮಳೆ ದಾಖಲಿಸಿತು. ಸುಮಾರು 16 ಗಂಟೆ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಿದ್ದೆವೆಂದು ಹೇಳಿತು. ದೆಹಲಿ ಮತ್ತು ತಿರುವನಂತಪುರ ಪರಸ್ಪರ ಬೆರಳು ತೋರಿಸುತ್ತಿದ್ದಾಗ, ಊರಿನವರೇ ಅಳೆದಿಟ್ಟ ಈ ಮಳೆಯ ಲೆಕ್ಕದತ್ತ ಯಾರೂ ಬೆರಳು ತೋರಿಸಲಿಲ್ಲವೆಂಬುದು ನನ್ನ ದೂರು.

ಇನ್ನು ಮನುಷ್ಯರು. ಅಪಾಯವೆಂದರೆ ಗುಡ್ಡ ಮಾತ್ರವಲ್ಲ. ಅದರ ಕೆಳಗೆ ಮಲಗಿರುವವರು, ಎದ್ದು ಓಡಲಾಗದವರು ಕೂಡ ಆ ಲೆಕ್ಕಕ್ಕೆ ಸೇರಬೇಕು. ತಲೆಮಾರುಗಳಿಂದ ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕನು ಬೇರೆಡೆ ಒಂದು ತುಂಡು ಭೂಮಿಯಿಲ್ಲದೆ ಎಲ್ಲಿಗೆ ಹೋದಾನು? ಉತ್ತರ ಭಾರತದಿಂದ ದುಡಿಯಲು ಬಂದವನಿಗೆ ಮಲಯಾಳದ ಎಚ್ಚರಿಕೆ ಅರ್ಥವಾದೀತೇ? ಹೋಂಸ್ಟೇಯಲ್ಲಿ ಆ ರಾತ್ರಿ ಎಷ್ಟು ಮಂದಿ ತಂಗಿದ್ದಾರೆಂದು ಪಂಚಾಯತ್‌ಗೆ ಗೊತ್ತಿರುತ್ತದೆಯೇ? ಹಾಸಿಗೆ ಹಿಡಿದ ವೃದ್ಧರು, ತುಂಬು ಗರ್ಭಿಣಿಯರು ಯಾವ ಮನೆಯಲ್ಲಿದ್ದಾರೆಂಬುದು ಉಪಗ್ರಹಕ್ಕೆ ಕಾಣದು. ಅದು ಆಶಾ ಕಾರ್ಯಕರ್ತೆಗೆ ಗೊತ್ತು. ಆಕೆಯನ್ನು ಕೇಳುವವರಿಲ್ಲ.

ಇದು ಪರರಾಜ್ಯದ ಕಥೆಯಲ್ಲ. ವಯನಾಡಿಗೆ ತಾಗಿಕೊಂಡಿರುವ ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಬೆಟ್ಟಗಳು ಜಾರಿದವು. ವಿಪರೀತ ಮಳೆಯೊಂದಿಗೆ, ಇಳಿಜಾರುಗಳನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಬೊಟ್ಟುಮಾಡಿತು. ಆಗ ನಮ್ಮ ಪಟ್ಟಣಗಳಿಂದ ಅಕ್ಕಿ, ಕಂಬಳಿ ತುಂಬಿದ ಲಾರಿಗಳು ಹೊರಟವು. ಯುವಕರು ಹಗಲಿರುಳು ದುಡಿದರು. ಆ ಸೇವೆ ಸಣ್ಣದಲ್ಲ. ಆದರೆ ಲಾರಿ ಹೊರಡಿಸಲು ಒಂದೇ ದಿನದಲ್ಲಿ ಒಟ್ಟಾಗುವ ನಾವು, ಮಳೆಗಾಲಕ್ಕೆ ಮುಂಚಿನ ಗ್ರಾಮಸಭೆಗೆ ಹತ್ತು ಜನ ಹೋಗುವುದಿಲ್ಲ.

ಹೋಗುವವರು ಮೊದಲು ಕೇಳಬೇಕಾದದ್ದು ಆಶ್ರಯ ಕೇಂದ್ರದ ವಿಚಾರ. ಮಳೆಗಾಲದಲ್ಲಿ ಶಾಲೆಗಳನ್ನೇ ಆಶ್ರಯ ಕೇಂದ್ರಗಳನ್ನಾಗಿ ಮಾಡುವುದು ನಮ್ಮಲ್ಲಿ ವಾಡಿಕೆ. ಚೂರಲ್‌ಮಲದ ಹೊಳೆದಂಡೆಯಲ್ಲಿದ್ದ ವೆಳ್ಳಾರ್‌ಮಲ ಸರಕಾರಿ ಶಾಲೆ ಆ ರಾತ್ರಿ ಸ್ವತಃ ಮಣ್ಣಿನ ಹೊಡೆತಕ್ಕೆ ಸಿಕ್ಕಿತು. ನಿಮ್ಮ ಪಂಚಾಯತ್ ಗುರುತಿಸಿರುವ ಶಾಲೆ ಹೊಳೆಯಿಂದ ಎಷ್ಟು ದೂರದಲ್ಲಿದೆ? ಅದರ ಹಿಂದಿನ ಗುಡ್ಡವನ್ನು ಕಡಿಯಲಾಗಿದೆಯೇ? ನಡುರಾತ್ರಿಯಲ್ಲಿ ಅದರ ಬೀಗದ ಕೈ ಯಾರ ಬಳಿ ಇರುತ್ತದೆ?