ಎಣಿಸಿ ಅರಿಯುವುದೂ ನೆಲಸಿ ಅರಿಯುವುದೂ



೨೦೨೫ನೆಯ ಇಸವಿಯಲ್ಲಿ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗವು ಸಾಮಾಜಿಕ ಹಾಗೂ ಶೈಕ್ಷಣಿಕ ಸಮೀಕ್ಷೆಯನ್ನು ಕೈಕೊಂಡಿತಷ್ಟೆ. ಸೆಪ್ಟೆಂಬರ್ ೨೨ರಂದು ನಾಡಿನಲ್ಲಿ ಮೊದಲಾದ ಆ ಕಾರ್ಯವು ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಅರುವತ್ತು ಪ್ರಶ್ನೆಗಳನ್ನು ಹೊತ್ತ ಗಣತಿದಾರರು ಜಯನಗರ, ಬನಶಂಕರಿಗಳ ಬೀದಿಬೀದಿಗಳಲ್ಲಿಯೂ ಸಂಚರಿಸಿದರು. ಧರ್ಮದ ಕಾಲಮಿನಲ್ಲಿ ಏನನ್ನು ಬರೆಯಿಸತಕ್ಕದ್ದೆಂಬ ಚರ್ಚೆಯು ವೀರಶೈವ ಲಿಂಗಾಯತ ಸಮಾಜದಲ್ಲಿ ಎಷ್ಟು ಬಿರುಸಾಗಿ ನಡೆಯಿತೆಂಬುದು ಸಭೆಗೆ ವಿದಿತವೇ ಆಗಿರುವುದು. ಆದರೆ ಇಂತಹ ಪ್ರಶ್ನಾವಳಿಗೆ ಸಮಾಜದ ಸ್ವರೂಪವು ಎಷ್ಟರಮಟ್ಟಿಗೆ ಗೋಚರವಾಗುವುದೆಂದು ವಿಚಾರಿಸಿದವರು ವಿರಳ.

ಗಣತಿಯ ಬಲವು ಅದರ ವ್ಯಾಪ್ತಿ. ಯಾವ ಪಂಗಡದಲ್ಲಿ ಎಷ್ಟು ಮಕ್ಕಳು ಶಾಲೆಯನ್ನು ಬಿಟ್ಟರು, ಎಷ್ಟು ಮಂದಿಗೆ ಭೂಮಿಯಿಲ್ಲವೆಂಬುದನ್ನು ಎಣಿಸದೆ ಹೇಳುವವನ ಮಾತು ಊಹೆಯೇ ಸರಿ. ಆದರೆ ಪಟ್ಟಿಯು ಹೇಳಿದುದನ್ನು ಮಾತ್ರ ಬರೆದುಕೊಳ್ಳುವುದು. ಒಂದೇ ಮನೆತನದ ಅಣ್ಣನು ಒಂದು ಹೆಸರನ್ನೂ ತಮ್ಮನು ಇನ್ನೊಂದನ್ನೂ ಬರೆಯಿಸಿದರೆ ಅವರು ಎರಡು ಜನಾಂಗವಾಗುವರು! ಮೇಲಾಗಿ, ಉತ್ತರ ಕೊಡುವುದು ಐಚ್ಛಿಕವೆಂದು ಉಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತ್ತು. ರಾಜಧಾನಿಯಲ್ಲಿ ಬಹು ಮನೆಗಳು ಉತ್ತರಿಸಲಿಲ್ಲ. ಬಾಗಿಲು ತೆರೆಯದ ಮನೆಗಳು ತೆರೆದ ಮನೆಗಳಂತೆಯೇ ಇರುವುವೆಂದು ನಂಬಲು ಆಧಾರವೆಲ್ಲಿ?

ಇನ್ನೊಂದು ಮಾರ್ಗವು ಜನರ ನಡುವೆ ನೆಲಸಿ ಅರಿಯುವುದು. ಜಯನಗರದ ಬಡಾವಣೆಯು ರೂಪುಗೊಳ್ಳತೊಡಗಿದ ೧೯೪೮ರಲ್ಲಿಯೇ ಎಂ. ಎನ್. ಶ್ರೀನಿವಾಸರು ಮೈಸೂರಿಗೆ ಸಮೀಪದ ಕೊಡಗಹಳ್ಳಿಯಲ್ಲಿ ಹೋಗಿ ನಿಂತರು. ತಮ್ಮ ಗ್ರಂಥದಲ್ಲಿ ಅದಕ್ಕೆ ರಾಂಪುರವೆಂದು ಹೆಸರಿಟ್ಟರು. ಭೂಮಿ, ಸಂಖ್ಯೆ, ಅಧಿಕಾರಗಳು ಒಂದೆಡೆ ಕೂಡಿದ ‘ಪ್ರಬಲ ಜಾತಿ’ಯು ಊರಿನ ವ್ಯಾಜ್ಯಗಳನ್ನು ಹೇಗೆ ತೀರಿಸುವುದೆಂಬುದು ಅವರಿಗೆ ಕಂಡುದು ಜಗುಲಿಯಲ್ಲಿ, ಅಂಕಿಗಳ ಕೋಷ್ಟಕದಲ್ಲಿ ಅಲ್ಲ. ೧೯೭೦ರ ಏಪ್ರಿಲ್‌ನಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಯಿಕ್ಕಲ್ಪಟ್ಟು, ಅವರು ವರ್ಷಗಳ ಕಾಲ ಪರಿಷ್ಕರಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ದಗ್ಧವಾದುವು. ಆಗ ಸ್ಮರಣೆಯ ಬಲದಿಂದಲೇ ಬರೆದ ಗ್ರಂಥವು ೧೯೭೬ರಲ್ಲಿ ಪ್ರಕಟವಾಯಿತು. ಇಷ್ಟೊಂದು ವಿವರವು ಮನಸ್ಸಿನಲ್ಲಿ ಉಳಿದುದೇ ಸಹವಾಸದ ಫಲ.

ಆದರೂ ಈ ಮಾರ್ಗಕ್ಕೆ ಮಿತಿಯುಂಟು. ಶ್ರೀನಿವಾಸರು ಬ್ರಾಹ್ಮಣರು, ಊರ ಮುಖಂಡನ ಆಶ್ರಯದಲ್ಲಿದ್ದವರು. ಅಸ್ಪೃಶ್ಯರೆನಿಸಿಕೊಂಡವರ ಕೇರಿಯಲ್ಲಿಯೂ ಸ್ತ್ರೀಯರಲ್ಲಿಯೂ ಅವರಿಗೆ ಮುಕ್ತ ಬಳಕೆ ದೊರೆಯಲಿಲ್ಲ. ಇದನ್ನು ಅವರು ಮರೆಮಾಡಲಿಲ್ಲವೆಂಬುದು ಮೆಚ್ಚತಕ್ಕ ವಿಷಯ. ಒಂದು ಊರಿನಲ್ಲಿ ಕಂಡುದು ನಾಡಿಗೆಲ್ಲ ಸಲ್ಲುವುದೆಂದು ಹೇಳುವಂತೆಯೂ ಇಲ್ಲ.

ಇಂದಿನ ದಕ್ಷಿಣ ಬೆಂಗಳೂರಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಜೆ. ಪಿ. ನಗರದ ಬಹುಮಹಡಿ ಕಟ್ಟಡಗಳಿಗೆ ಜಗುಲಿಯೇ ಇಲ್ಲ, ಹೊರಬಾಗಿಲಲ್ಲಿ ಕಾವಲುಗಾರನಿರುವನು. ಪ್ರಾತಃಕಾಲ ಪಾತ್ರೆ ತೊಳೆಯಲು ಬರುವ ಹೆಂಗಸು ತಾನು ವಾಸಿಸುವ ಮನೆಯಲ್ಲಿ ಲೆಕ್ಕಕ್ಕೆ ಬರುವಳು, ಯಜಮಾನಿಯು ತನ್ನ ಮನೆಯಲ್ಲಿ. ಆ ಎರಡು ಮನೆಗಳ ನಡುವಣ ಸಂಬಂಧವು, ಅವಳಿಗೆ ಕುಡಿಯಲು ಯಾವ ಲೋಟವನ್ನು ಕೊಡುವರೆಂಬುದು, ಯಾವ ಕಾಲಮಿಗೂ ಇಳಿಯುವುದಿಲ್ಲ. ಅದನ್ನು ಅರಿಯಬೇಕಾದವನು ಅಡಿಗೆಮನೆಯವರೆಗೆ ಹೋಗಬೇಕು. ಯಜಮಾನಿಯ ಅತಿಥಿಯಾಗಿ ಹೋದರೆ ಅವಳು ಅವನೊಡನೆ ಬಾಯಿ ಬಿಡುವುದು ಸಂದೇಹ.