ನೀರಿಗೂ ಒಂದು ಖಾತೆ ಇರಲಿ
(ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಸಂಘ ನಡೆದು ಬಂದಿದೆ ಅಂದರೆ ಅದಕ್ಕೆ ಖಾತೆ ಪುಸ್ತಕವೇ ಆಧಾರ. ಯಾರು ಎಷ್ಟು ಸಾಲ ಒಯ್ದರು, ಎಷ್ಟು ತೀರಿಸಿದರು, ಎಲ್ಲಾ ಬರಹದಲ್ಲಿದೆ. ಆದರೆ ನಮ್ಮ ದೊಡ್ಡ ಬಂಡವಾಳವಾದ ನೀರಿಗೆ ಖಾತೆ ಎಲ್ಲೈತ್ರಿ? ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆ, ಲಿಂಗಸುಗೂರಿಗೆ ಕೃಷ್ಣೆ ಮತ್ತು ನಾರಾಯಣಪುರ ಬಲದಂಡೆ ಕಾಲುವೆ, ಮಸ್ಕಿಗೆ ಮಸ್ಕಿ ನಾಲಾ. ನೀರು ಬರುವುದನ್ನು ಕಾಯುತ್ತೇವೆ. ಗದ್ದೆ ದಾಟಿ ಹಳ್ಳ ಸೇರಿದ ಮೇಲೆ ಅದರ ಗತಿ ಏನಾಯಿತೆಂದು ಕೇಳುವವರಿಲ್ಲ.

ಈ ಖಾತೆಯನ್ನು ನಮ್ಮ ಶಾಲೆಯ ಮಕ್ಕಳು ಬರೆಯಬಲ್ಲರು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ತಮ್ಮೂರಿನ ಸಮಸ್ಯೆಗಳನ್ನೇ ಅಭ್ಯಾಸ ಮಾಡಿ ತೋರಿಸಿದ್ದಾರೆ. ತಿಂಗಳಿಗೊಮ್ಮೆ, ಅದೇ ಜಾಗ, ಅದೇ ಹೊತ್ತು. ನೀರಿನ ಬಣ್ಣ, ವಾಸನೆ, ಪಾಚಿ, ಕಪ್ಪೆ, ಮೀನು, ಹಕ್ಕಿ ಎಲ್ಲಾ ಬರೆಯಬೇಕು. ಹಳ್ಳದ ಕಲ್ಲು ಎತ್ತಿ ನೋಡಿದರೆ ಸಣ್ಣ ಹುಳಗಳೇ ಸಾಕ್ಷಿ ಹೇಳುತ್ತವೆ. ಮೂರೆಳೆ ಬಾಲದ ಮರಿಹುಳ ಸಾಮಾನ್ಯವಾಗಿ ಚೊಕ್ಕ ನೀರಿನಲ್ಲಿರುತ್ತದೆ. ಕೆಂಪು ದಾರದಂಥ ಹುಳ ಕೊಳೆತ ನೀರಿನಲ್ಲೂ ಬದುಕುತ್ತದೆ. ಅದೊಂದೇ ಉಳಿದಿದ್ದರೆ ಹಳ್ಳಕ್ಕೆ ಜಡ್ಡು ಬಂದಿದೆ ಅಂತ ತಿಳಿಯಬೇಕು.

ಒಂದು ಮಾತು ಮೊದಲೇ ಹೇಳುತ್ತೇವೆ. ಈ ಖಾತೆ ನಮ್ಮ ಕಡೆಗೇ ಬೊಟ್ಟು ಮಾಡಬಹುದು. ನೆಲ್ಲಿಗೆ ಹಾಕುವ ಸರಕಾರಿ ಗೊಬ್ಬರ ಹೋಗುವುದು ಸಂಘದ ಗೋದಾಮಿನಿಂದಲೇ. ಹೆಚ್ಚಾದದ್ದು ಹಳ್ಳಕ್ಕೆ ಹರಿದು ಪಾಚಿ ಬೆಳೆಸುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನೊಳಗಿನ ಆಮ್ಲಜನಕ ತೀರುತ್ತದೆ, ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಮಗು ಅದನ್ನು ಬರೆದರೆ ಗದರಿಸಬಾರದು. ಬಾಕಿ ಬರೆದ ಗುಮಾಸ್ತನ ಮೇಲೆ ಸಿಟ್ಟಾದರೆ ಬಾಕಿ ತೀರುತ್ತದೇನ್ರಿ? ಗೊಬ್ಬರ ಒಂದು ಚೀಲ ಕಡಿಮೆ ಹಾಕಿದರೆ ಹಳ್ಳಕ್ಕೂ ಲಾಭ, ನಮ್ಮ ಕಿಸೆಗೂ ಲಾಭ.

ಎಚ್ಚರಿಕೆಯೂ ಬೇಕು. ಹರಿಯುವ ಕಾಲುವೆಗೆ ಮಕ್ಕಳನ್ನು ಇಳಿಸಬಾರದು. ದಂಡೆಯ ಮೇಲೂ ಮಾಸ್ತರರು ಜೊತೆಗಿರಬೇಕು. ಔಷಧ ಹೊಡೆದ ದಿನ ನೀರು ಮುಟ್ಟಬಾರದು. ಹುಳ ನೋಡಿ ಕುಡಿಯುವ ನೀರಿನ ತೀರ್ಮಾನವೂ ಬೇಡ. ನಮ್ಮ ಜಿಲ್ಲೆಯ ಕೊಳವೆಬಾವಿಗಳಲ್ಲಿ ಕಾಣುವ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕೆ ಪ್ರಯೋಗಾಲಯವೇ ಆಗಬೇಕು.

2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯತಿಯಲ್ಲಿ ಸಮಿತಿ ಇರಬೇಕು, ಊರಿನ ಜೀವರಾಶಿಯ ದಾಖಲೆ ಇಡಬೇಕು. ಮಕ್ಕಳ ಪುಸ್ತಕದ ಒಂದು ಪ್ರತಿ ಅಲ್ಲಿಗೆ ಹೋಗಲಿ, ಒಂದು ಸಂಘದ ಕಪಾಟಿನಲ್ಲಿರಲಿ.

ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ನಮ್ಮ ಮಸ್ಕಿಯ ಬಂಡೆಬರಹ ಸಿಕ್ಕ ಮೇಲೆ. ಬರೆದಿಟ್ಟದ್ದು ಉಳಿಯುತ್ತದೆ. ಈ ಬೆಳ್ಳಿ ಹಬ್ಬದ ನೆನಪಿಗೆ ಸಂಘವು ಶಾಲೆಗೆ ಒಂದು ದಪ್ಪ ಪುಸ್ತಕ, ಒಂದು ಬಿಳಿ ತಟ್ಟೆ, ಒಂದು ಭೂತಗನ್ನಡಿ ಕೊಡಲೆಂದು ಕೇಳಿಕೊಳ್ಳುತ್ತೇವೆ. ಮುಂದಿನ ಇಪ್ಪತ್ತೈದು ವರ್ಷದ ಲೆಕ್ಕ ಅದರಲ್ಲಿ ಬರಲಿ.